ಹುಳಿ ಬಲ್ಲವರ ಊರಿನಿಂದ

ಹಣ್ಣಿನ ಹುಳಿ ಬಿಯರ್ ರುಚಿ ನೋಡೋಣ ಬನ್ನಿ ಅಂತ ನಮ್ಮ ಮನೆ ಹತ್ತಿರದ ಬಿಯರ್ ಅಂಗಡಿಯವರು ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದರು. ಗುರುವಾರ ಸಂಜೆ, ಐದು ಬಗೆ, ಒಂದೊಂದೂ 60 ಮಿಲಿ. ನಾನಿರುವುದು ಅಮೆರಿಕದ ಒರೆಗಾನ್ ರಾಜ್ಯದ ಬೀವರ್ಟನ್‌ನಲ್ಲಿ, ಪೋರ್ಟ್‌ಲ್ಯಾಂಡ್ ಮಗ್ಗುಲಿಗೆ. ಚಿಪ್ ಕಂಪನಿಗಳ ಕೆಲಸಕ್ಕೆ ಬಂದ ಕನ್ನಡದವರು ಈ ಕಡೆ ಸುಮಾರು ಜನ ಇದ್ದೇವೆ. ಅವತ್ತು ಅಂಗಡಿಯಲ್ಲಿ ಮಾತ್ರ ನಾನೊಬ್ಬನೇ ಇದ್ದೆ.

ಅಂಗಡಿ ದೊಡ್ಡದೇನಲ್ಲ. ಮೂರು ಗೋಡೆಗೂ ಗಾಜಿನ ಫ್ರಿಜ್, ನಡುವೆ ಉದ್ದನೆಯ ಮರದ ಮೇಜು. ಮೇಜಿನ ಮೇಲೆ ಗಿಡ್ಡ ಗ್ಲಾಸುಗಳು, ನೀರಿನ ಜಗ್ಗು, ಉಪ್ಪು ಬಿಸ್ಕತ್ತು. ತುದಿಯಲ್ಲಿ ಒಂದು ಸ್ಟೀಲ್ ಬಕೆಟ್. ಬಂದವರಲ್ಲಿ ವಯಸ್ಸಾದ ಗಂಡ ಹೆಂಡತಿ ಇದ್ದರು. ಆಸ್ಪತ್ರೆಯ ಡ್ಯೂಟಿ ಮುಗಿಸಿ ಅದೇ ಬಟ್ಟೆಯಲ್ಲಿ ಬಂದ ಇಬ್ಬರು ಹೆಂಗಸರಿದ್ದರು. ಸುರಿದು ಕೊಡುತ್ತಿದ್ದವಳು ಇಪ್ಪತ್ತೈದರ ಆಸುಪಾಸಿನ ಹುಡುಗಿ.

ಮೊದಲನೆಯದು ಏಪ್ರಿಕಾಟ್. ಬಾಯಿಗೆ ಇಟ್ಟ ಕೂಡಲೇ ಹಲ್ಲು ಜುಮ್ ಎಂದಿತು. ಪಕ್ಕದಲ್ಲಿದ್ದವರು ಮುಖ ಕಿವುಚಿದರು. ನನಗೆ ಮಾತ್ರ ಖುಷಿಯಾಯಿತು. ಇದು ಗೊತ್ತಿರುವ ರುಚಿ. ನಾನು ಮಲೆನಾಡಿನ ಸಾಗರದ ಕಡೆಯವನು. ಅಪ್ಪೆಮಿಡಿ, ಅಮಟೆಕಾಯಿ, ಮುರುಗಲು, ವಾಟೆಹುಳಿ, ಬಿಂಬುಳಿ ಇದರ ನಡುವೆಯೇ ಬೆಳೆದವನು. ಯಾವ ಸಾರಿಗೆ ಯಾವ ಹುಳಿ ಅಂತ ನಮ್ಮ ಮನೆಯಲ್ಲಿ ವಾದವೇ ನಡೆಯುತ್ತಿತ್ತು. ಹುಣಸೆ ಹಾಕಬೇಕಾದಲ್ಲಿ ನಿಂಬೆ ಹಿಂಡಿದರೆ ಅಜ್ಜ ಒಂದು ತುತ್ತಿಗೇ ಕಂಡುಹಿಡಿಯುತ್ತಿದ್ದರು.

ಎರಡನೆಯದು ಮೇರಿಯನ್‌ಬೆರ್ರಿ. ಇದು ಒರೆಗಾನ್‌ನವರ ಹೆಮ್ಮೆಯ ಹಣ್ಣು. ಬ್ಲ್ಯಾಕ್‌ಬೆರ್ರಿಯ ಜಾತಿ. ಇಲ್ಲಿನ ರಾಜ್ಯ ವಿಶ್ವವಿದ್ಯಾಲಯವೂ ಕೇಂದ್ರದ ಕೃಷಿ ಇಲಾಖೆಯೂ ಸೇರಿ ತಳಿ ಕೂಡಿಸಿ 1956ರಲ್ಲಿ ರೈತರಿಗೆ ಕೊಟ್ಟಿದ್ದು. ಮೇರಿಯನ್ ಕೌಂಟಿಯಲ್ಲಿ ಬೆಳೆದು ನೋಡಿದ್ದರಿಂದ ಆ ಹೆಸರು. ಇಷ್ಟನ್ನೂ ಸುರಿಯುತ್ತಲೇ ಆ ಹುಡುಗಿ ಹೇಳಿದಳು. ನಾನು ಒಂದು ಗುಟುಕು ಕುಡಿದೆ. ಗಾಢ ನೇರಳೆ ಬಣ್ಣ. ಮೊದಲು ಹುಳಿ, ಆಮೇಲೆ ಹಣ್ಣಿನ ವಾಸನೆ, ಕೊನೆಗೆ ನಾಲಿಗೆ ಒಣಗಿ ಹಿಡಿದುಕೊಂಡಿತು. ನೇರಳೆ ಹಣ್ಣು ತಿಂದ ಹಾಗೇ.

ಹೇಗಿದೆ ಅಂತ ಕೇಳಿದಳು. ನನ್ನ ಬಾಯಿಂದ ಬಂದದ್ದು ಒಗರು. ಇಂಗ್ಲಿಷಿನಲ್ಲಿ ಅದಕ್ಕೆ ಆಸ್ಟ್ರಿಂಜೆಂಟ್ ಅನ್ನುವ ಪದ ಇದೆ. ಆದರೆ ಅದು ಕಲಿತವರ ಪದ. ನಮ್ಮಲ್ಲಿ ಬಾಳೆಕಾಯಿ ಕಚ್ಚಿದ ಮಗುವೂ ಒಗರು ಅನ್ನುತ್ತದೆ. ನೆಲ್ಲಿಕಾಯಿ, ಎಳೆ ಸೀಬೆ, ಬಾಳೆಹೂವು ಎಲ್ಲ ಹೆಸರಿಸಿ ವಿವರಿಸಿದೆ. ಅವಳು ಇನ್ನೊಮ್ಮೆ ಹೇಳಿಸಿಕೊಂಡಳು. ಆ ವಯಸ್ಸಾದ ಹೆಂಗಸು ಗ್ಲಾಸನ್ನು ಮತ್ತೆ ಬಾಯಿಗಿಟ್ಟು, ಹೌದು, ಕೊನೆಗೆ ಬರೋದು ಅದೇ ಅಂದರು.

ಅಲ್ಲಿಂದ ನನ್ನ ತಲೆಯಲ್ಲಿ ಒಂದು ಮಾತು ಕೊರೆಯುತ್ತಿದೆ. ರುಚಿಯ ವಿಷಯದಲ್ಲಿ ಇಷ್ಟು ಸೂಕ್ಷ್ಮ ಇರುವ ನಾವು, ಕುಡಿಯುವುದರಲ್ಲಿ ಮಾತ್ರ ರುಚಿಯನ್ನು ಯಾಕೆ ಪೂರ್ತಿ ಬಿಟ್ಟುಬಿಟ್ಟೆವು?

ನಮ್ಮೂರಿನ ಅಂಗಡಿ ಕಣ್ಣ ಮುಂದೆ ಬರುತ್ತದೆ. ಬಸ್ ಸ್ಟ್ಯಾಂಡ್ ಹಿಂದಿನ ಗಲ್ಲಿ. ಕಬ್ಬಿಣದ ಕಂಬಿ, ಕೈ ತೂರುವಷ್ಟು ಕಿಂಡಿ. ದುಡ್ಡು ಒಳಗೆ ಹೋಗುತ್ತದೆ, ಕ್ವಾರ್ಟರ್ ಹೊರಗೆ ಬರುತ್ತದೆ. ಹಳೇ ಪೇಪರಿನಲ್ಲಿ ಸುತ್ತಿ ಕಪ್ಪು ಕವರಿಗೆ ಹಾಕಿಕೊಳ್ಳುತ್ತಾರೆ. ಇದು ಯಾವುದರಿಂದ ಮಾಡಿದ್ದು, ಯಾರು ಮಾಡಿದ್ದು, ಹೇಗಿರುತ್ತದೆ ಅಂತ ಯಾರೂ ಕೇಳುವುದಿಲ್ಲ. ಕೇಳಿದರೂ ಹೇಳುವವರಿಲ್ಲ. 90 ಮಿಲಿಯ ಟೆಟ್ರಾ ಪ್ಯಾಕ್ ಹರಿದು ನೀರೂ ಬೆರೆಸದೆ ಗಂಟಲಿಗೆ ಸುರಿದುಕೊಂಡು ಹೋಗುವವರನ್ನು ನೋಡಿದ್ದೇನೆ. ನಾಲಿಗೆಗೆ ತಾಗದ ಹಾಗೆ ಕುಡಿಯುವುದು ಅದು. ಏರಿದರೆ ಸಾಕು.

ಬಚ್ಚಿಟ್ಟು ಕುಡಿಯುವುದಕ್ಕೆ ಕಾರಣ ಇಲ್ಲದೆ ಇಲ್ಲ. ಕುಡಿತದಿಂದ ಹಾಳಾದ ಮನೆಗಳು ನಮ್ಮ ಬೀದಿಯಲ್ಲೇ ಇದ್ದವು. 2007ರಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಂತಾಗ ನಮ್ಮ ಓಣಿಯ ಹೆಂಗಸರು ಪಟ್ಟ ಸಂತೋಷ ನನಗೆ ನೆನಪಿದೆ. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಮದ್ಯ ನಿಷೇಧ ಮಾಡಿ ಅಂತ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದರು. ಅವರ ಕಾಲಿನ ಬೊಬ್ಬೆಗಳ ಮುಂದೆ ನಿಂತು ಬಿಯರ್ ರುಚಿಯ ಬಗ್ಗೆ ಮಾತಾಡುವುದು ಸುಲಭ ಅಲ್ಲ. ಅವರ ಸಿಟ್ಟು ಪೂರ್ತಿ ಸರಿ. ಇಲ್ಲೂ ಕುಡಿದು ಮನೆ ಕೆಡಿಸಿಕೊಂಡವರಿದ್ದಾರೆ. ಅಮೆರಿಕದವರು ಕುಡಿಯೋದರಲ್ಲಿ ಜಾಣರು ಅಂತ ನಾನು ಹೇಳುತ್ತಿಲ್ಲ.

ನಾನು ಹೇಳುತ್ತಿರುವುದು ಆ ಸ್ಟೀಲ್ ಬಕೆಟ್ ಬಗ್ಗೆ. ಅದು ಅಲ್ಲಿದ್ದದ್ದು ಬೇಡವಾದದ್ದನ್ನು ಸುರಿಯುವುದಕ್ಕೆ. ಆಸ್ಪತ್ರೆಯ ಹೆಂಗಸರಲ್ಲಿ ಒಬ್ಬಾಕೆ ಪ್ರತಿಯೊಂದನ್ನೂ ಎರಡು ಗುಟುಕು ಕುಡಿದು ಉಳಿದದ್ದನ್ನು ಬಕೆಟ್ಟಿಗೆ ಸುರಿದಳು. ಗಾಡಿ ಓಡಿಸಬೇಕು, ರುಚಿ ಗೊತ್ತಾಯಿತಲ್ಲ, ಸಾಕು ಅಂದಳು. ಯಾರೂ ಹುಬ್ಬೇರಿಸಲಿಲ್ಲ. ನಮ್ಮ ಕಡೆ ಗೆಳೆಯರು ಕೂತಾಗ ಬಾಟಲಿ ತೆರೆದ ಮೇಲೆ ಮುಗಿಸಲೇಬೇಕು. ಬೇಡ ಅಂದವನನ್ನು ಬಿಡುವುದಿಲ್ಲ, ಇನ್ನೊಂದು ಹಾಕೋ ಅನ್ನುತ್ತಾರೆ. ಅದನ್ನೇ ಪ್ರೀತಿ ಅಂದುಕೊಂಡಿದ್ದೇವೆ. ಅವತ್ತು ಐದು ಬಗೆ ಪೂರ್ತಿ ಕುಡಿದರೂ 300 ಮಿಲಿ, ಒಂದು ಸಣ್ಣ ಬಾಟಲಿಗಿಂತ ಕಡಿಮೆ. ಒಂದೂವರೆ ಗಂಟೆ ಅದನ್ನೇ ಮಾತಾಡುತ್ತಾ ನಿಂತಿದ್ದೆವು.

ಇನ್ನು ಈ ಹುಳಿ ಎಲ್ಲಿಂದ ಬರುತ್ತದೆ ಅನ್ನೋದು ಕೇಳಿದರೆ ನಮ್ಮ ಅಡುಗೆಮನೆಯವರಿಗೆ ಹೊಸದೇನೂ ಅನ್ನಿಸಲ್ಲ. ಬಾರ್ಲಿ ಮೊಳಕೆ ಬರಿಸಿ, ಒಣಗಿಸಿ, ಒಡೆದು, ಬಿಸಿನೀರಲ್ಲಿ ನೆನೆಸಿ ಸಿಹಿ ರಸ ತೆಗೆಯುತ್ತಾರೆ. ಅದನ್ನು 40 ಡಿಗ್ರಿ ಆಸುಪಾಸಿಗೆ ಆರಿಸಿ ಲ್ಯಾಕ್ಟೋಬ್ಯಾಸಿಲಸ್ ಅನ್ನುವ ಸೂಕ್ಷ್ಮಜೀವಿ ಸೇರಿಸುತ್ತಾರೆ. ಅಂದರೆ ಹೆಪ್ಪು ಹಾಕುತ್ತಾರೆ. ಮೊಸರು, ಇಡ್ಲಿ ಹಿಟ್ಟು ಹುಳಿ ಬರುವುದೂ ಇದೇ ಬಳಗದ ಜೀವಿಗಳಿಂದ. ಒಂದೆರಡು ದಿನದಲ್ಲಿ ರಸ ಚೆನ್ನಾಗಿ ಹುಳಿಯಾಗುತ್ತದೆ. ಆಮೇಲೆ ಕುದಿಸಿ ಆ ಜೀವಿಗಳನ್ನು ಕೊಂದು, ಯೀಸ್ಟ್ ಹಾಕಿ ಬಿಯರ್ ಮಾಡುತ್ತಾರೆ. ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವು ಜಾಸ್ತಿ ಬಿದ್ದರೆ ಈ ಹೆಪ್ಪು ಹಿಡಿಯುವುದಿಲ್ಲ. ಅದಕ್ಕೇ ಹುಳಿ ಬಿಯರಿನಲ್ಲಿ ಕಹಿ ಕಡಿಮೆ.

ಹಣ್ಣು ಬೀಳುವುದು ಇದೆಲ್ಲ ಆದ ಮೇಲೆ. ಹಣ್ಣಿನ ಸಿಹಿಯನ್ನು ಯೀಸ್ಟ್ ತಿಂದು ಮುಗಿಸುತ್ತದೆ. ಉಳಿಯುವುದು ಬಣ್ಣ, ವಾಸನೆ, ಹುಳಿ, ಒಗರು. ಹಣ್ಣು ಅಂದರೆ ಸಿಹಿ ಅಂತ ಕಾಯುತ್ತಾ ಕುಡಿದವರು ಮುಖ ಕಿವುಚುವುದು ಅದಕ್ಕೇ.

ಮೂರನೆಯದು ಹುಳಿ ಚೆರ್ರಿ ಹಾಕಿ, ಮರದ ಪೀಪಾಯಿಯಲ್ಲಿ ಒಂದೂವರೆ ವರ್ಷ ಇಟ್ಟಿದ್ದು. ಇದಕ್ಕೆ ಒಂದೆರಡು ದಿನದ ಅವಸರ ಇಲ್ಲ. ಹುಳಿ, ಬೇರೆ ಬೇರೆ ಯೀಸ್ಟ್ ಎಲ್ಲ ಪೀಪಾಯಿಯೊಳಗೇ ನಿಧಾನವಾಗಿ ಕೆಲಸ ಮಾಡುತ್ತವೆ. ಹಳೇ ಹುಣಸೆಹಣ್ಣಿಗೂ ಹೊಸ ಹುಣಸೆಹಣ್ಣಿಗೂ ಇರುವ ವ್ಯತ್ಯಾಸ ನೆನಪು ಮಾಡಿಕೊಳ್ಳಿ. ಹಳತಾದಂತೆ ಹುಳಿಯ ಮೊನೆ ಮೊಂಡಾಗಿ ಆಳ ಬರುತ್ತದೆ. ಇದೂ ಹಾಗೇ ಇತ್ತು. ಐದರಲ್ಲಿ ನನಗೆ ತುಂಬಾ ಹಿಡಿಸಿದ್ದು ಇದು.

ಈ ದಾರಿಯ ತವರು ಬೆಲ್ಜಿಯಂ. ಬ್ರಸೆಲ್ಸ್‌ನಲ್ಲಿ ಕಾಂತಿಯೋಂ ಅನ್ನುವ ಮನೆತನದವರು 1900ರಿಂದ ಈ ಕಸುಬಿನಲ್ಲಿದ್ದಾರೆ. ಚಳಿಗಾಲದ ರಾತ್ರಿ, ಕುದಿಸಿದ ರಸವನ್ನು ಅಟ್ಟದ ಮೇಲೆ ಅಗಲವಾದ ತಾಮ್ರದ ತೊಟ್ಟಿಯಲ್ಲಿ ತೆರೆದು ಬಿಡುತ್ತಾರೆ. ಯೀಸ್ಟ್ ಹಾಕುವುದಿಲ್ಲ. ಗಾಳಿಯಲ್ಲಿ, ಮರದಲ್ಲಿ, ಪೀಪಾಯಿಯಲ್ಲಿ ಇರುವುದು ತಾನಾಗಿ ಬಂದು ಸೇರಬೇಕು. ಒರೆಗಾನ್ ಕರಾವಳಿಯ ಟಿಲ್ಲಮೂಕ್‌ನಲ್ಲಿ ಡಿ ಗಾರ್ಡ್ ಅನ್ನುವವರೂ ಹೀಗೇ ಮಾಡುತ್ತಾರೆ. ಅದನ್ನು ಕುಡಿಯುವುದಕ್ಕೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ.

ಇದನ್ನು ಮೊದಲ ಸಲ ಓದಿದಾಗ ನನಗೆ ಮಲೆನಾಡಿನ ಬಗನಿ ಮರ ನೆನಪಾಯಿತು. ಬಗನಿ ಹೆಂಡಕ್ಕೆ ಯಾರು ಯೀಸ್ಟ್ ಹಾಕುತ್ತಾರೆ? ಮಡಕೆ ಕಟ್ಟಿ ಇಳಿಸುವಷ್ಟರಲ್ಲೇ ಅದು ಉಬ್ಬಲು ಶುರುವಾಗಿರುತ್ತದೆ. ಬೆಳಿಗ್ಗೆ ಸಿಹಿ, ಸಂಜೆಗೆ ಹುಳಿ, ಮಾರನೇ ದಿನಕ್ಕೆ ಹುಳಿ ಮೂಗಿಗೆ ಹೊಡೆಯುತ್ತದೆ. ಬಯಲುಸೀಮೆಯ ಈಚಲು ಹೆಂಡವೂ, ಕರಾವಳಿಯ ತೆಂಗಿನ ಕಳ್ಳೂ ಇದೇ ಗಾಳಿಯ ಯೀಸ್ಟಿನ ಮಕ್ಕಳು. ಮಂಗಳೂರಿನ ಕ್ರೈಸ್ತರ ಮನೆಯಲ್ಲಿ ಇಡ್ಲಿಯಂಥ ಸನ್ನಣ ಉಬ್ಬುವುದು ಕಳ್ಳಿನಿಂದ. ಒಬ್ಬರ ಗಾಳಿ ಬಿಯರಿಗೆ ಪ್ರವಾಸಿಗರು ಟಿಕೆಟ್ ಕೊಟ್ಟು ಬರುತ್ತಾರೆ. ಮರ ಹತ್ತಿ ಹೆಂಡ ಇಳಿಸುವ ನಮ್ಮವನ ಕಸುಬನ್ನು ಮಾತ್ರ ನಾವು ಹೀನ ಅಂದೆವು. ಮರದ ವಯಸ್ಸು, ಗೊನೆ ಕೊಯ್ಯುವ ಹದ, ಮಡಕೆಗೆ ಸುಣ್ಣ ಬಳಿಯಬೇಕೋ ಬೇಡವೋ, ಇದೆಲ್ಲ ಅವನಿಗೆ ಗೊತ್ತು. ಅವನ ಹತ್ತಿರ ಕೂತು ಕೇಳಿದವರು ಎಷ್ಟು ಜನ? ನಾನೂ ಕೇಳಲಿಲ್ಲ. ಇದು ನನಗೆ ನಿಜವಾಗಿ ನೋವಿನ ವಿಷಯ.

ನಾಲ್ಕನೆಯದು ಮಾವಿನಹಣ್ಣು, ಚೂರು ಉಪ್ಪು ಸೇರಿದ್ದು. ಗೋಸ ಅಂತ ಜರ್ಮನಿಯ ಹಳೇ ಬಗೆ. ಉಪ್ಪು, ಕೊತ್ತಂಬರಿ ಬೀಜ ಹಾಕುವುದು ಅದರ ರೂಢಿ. ಮಾವು ಹಾಕಿದ್ದು ಇಲ್ಲಿನವರು. ಹುಳಿ, ಮಾವು, ಉಪ್ಪು, ಕೊತ್ತಂಬರಿ ಬೀಜ! ಶಾಲೆಯ ಗೇಟಿನ ಹೊರಗೆ ಪೇಪರ್ ಪೊಟ್ಟಣದಲ್ಲಿ ಕೊಡುತ್ತಿದ್ದ ಮಾವಿನಕಾಯಿ ಚೂರಿಗೆ ಖಾರದಪುಡಿ ಒಂದೇ ಕಡಿಮೆ. ಅಂಗಡಿಯಲ್ಲಿದ್ದವರಿಗೆ ಅದು ವಿಚಿತ್ರ ಅನ್ನಿಸಿತು, ನನಗೆ ಮನೆ.

ಐದನೆಯದು ಮಾತ್ರ ನನಗೆ ಸೇರಲಿಲ್ಲ. ಸ್ಮೂದಿ ಸೌರ್ ಅಂತ ಕರೆಯುತ್ತಾರೆ. ಬಿಯರ್ ಆದ ಮೇಲೆ ಹಣ್ಣಿನ ತಿರುಳನ್ನು ರಾಶಿ ಸುರಿದು, ಕೆಲವರು ವೆನಿಲ್ಲಾ, ಹಾಲಿನ ಸಕ್ಕರೆಯನ್ನೂ ಹಾಕುತ್ತಾರೆ. ಸೀಕರಣೆಯಷ್ಟು ಮಂದ, ಅಷ್ಟೇ ಸಿಹಿ. ಹುಳಿಯನ್ನು ಮುಚ್ಚಿಹಾಕುವುದಾದರೆ ಹುಳಿ ಬರಿಸಿದ್ದಾದರೂ ಯಾಕೆ? ಅದರಲ್ಲಿ ಸಕ್ಕರೆ ಹಾಗೇ ಉಳಿದಿರುತ್ತದೆ. ಬೆಚ್ಚಗಾದರೆ ಯೀಸ್ಟ್ ಮತ್ತೆ ಎದ್ದು ಗ್ಯಾಸ್ ತುಂಬುತ್ತದೆ. ಹೋದ ಬೇಸಿಗೆಯಲ್ಲಿ ಇಂಥದ್ದೇ ಒಂದು ಕ್ಯಾನ್ ನಮ್ಮ ಕಾರಿನ ಡಿಕ್ಕಿಯಲ್ಲಿ ಒಡೆದು, ಮಗಳ ಶಾಲೆ ಬ್ಯಾಗಿನ ಮೇಲೆಲ್ಲಾ ಕೆಂಪು ತಿರುಳು. ಫ್ರಿಜ್ಜಿನಲ್ಲೇ ಇಡಿ ಅನ್ನುವುದನ್ನು ಕ್ಯಾನಿನ ಮೇಲೆ ಕಾಣುವ ಹಾಗೆ ಬರೆಯಬೇಕಿತ್ತು. ವಾರಕ್ಕೊಂದು ಹೊಸ ರುಚಿ ಬೇಕೇ ಬೇಕು ಅನ್ನುವ ಹಂಬಲ ಇಲ್ಲಿ ಜಾಸ್ತಿ. ಇದನ್ನು ನಾವು ಕಲಿಯುವುದು ಬೇಡ.

ಕಲಿಯುವಂಥದ್ದು ಒಂದು ಚಿಕ್ಕ ಸಂಗತಿಯೂ ಇದೆ. ಒರೆಗಾನ್‌ನಲ್ಲಿ 1971ರಲ್ಲೇ ಬಾಟಲಿ ಕಾನೂನು ಬಂತು, ಅಮೆರಿಕದಲ್ಲೇ ಮೊದಲು. ಈಗ ಬಿಯರಿನ ಕ್ಯಾನಿಗೂ ಬಾಟಲಿಗೂ 10 ಸೆಂಟ್ ಠೇವಣಿ. ವಾಪಸ್ ಕೊಟ್ಟರೆ ದುಡ್ಡು ವಾಪಸ್. ಊರಿಗೆ ಹೋದಾಗ ಗದ್ದೆ ಬದುವಿನಲ್ಲಿ ಒಡೆದ ಬಾಟಲಿ ಕಂಡಾಗಲೆಲ್ಲ, ನಾಟಿ ಮಾಡುವವರ ಬರಿಗಾಲು ನೆನೆದು ಈ 10 ಸೆಂಟ್ ನೆನಪಾಗುತ್ತದೆ.

ಬೆಂಗಳೂರು ಬದಲಾಗಿದೆ, ಅದು ನನಗೂ ಗೊತ್ತು. 2010ರಲ್ಲಿ ಇಂದಿರಾನಗರದಲ್ಲಿ ಟಾಯ್ಟ್ ಶುರುವಾದ ಮೇಲೆ ಅಲ್ಲೇ ಬಿಯರ್ ಮಾಡಿ ಬಡಿಸುವ ಜಾಗಗಳು ಒಂದೊಂದಾಗಿ ಬಂದವು. ಆದರೆ ಅಲ್ಲಿಗೆ ಹೋಗಬೇಕಾದರೆ ಜೇಬು ಗಟ್ಟಿ ಇರಬೇಕು. ನಾನು ಕೇಳುತ್ತಿರುವುದು ಸಾಗರದ, ಶಿರಸಿಯ, ಮಡಿಕೇರಿಯ ಮಾತು. ಕೊಡಗಿನ ಮನೆಗಳಲ್ಲಿ ಹಣ್ಣಿನ ವೈನ್ ಮಾಡುವ ಕೈಗಳಿವೆ. ಮುರುಗಲು ಕಾಡಲ್ಲಿ ಬಿದ್ದು ಕೊಳೆಯುತ್ತದೆ. ಒಂದು ಹಣ್ಣಿನ ಹೆಸರು, ಬೆಳೆದ ಊರಿನ ಹೆಸರು ಹೇಳಿ, ಒಂದು ಸಣ್ಣ ಲೋಟದಲ್ಲಿ, ಗಂಡಸು ಹೆಂಗಸು ಎನ್ನದೆ ಕೂರಿಸಿ ಕೊಡುವ ಒಂದು ಮರ್ಯಾದಸ್ಥ ಅಂಗಡಿ ನಮ್ಮ ಸಣ್ಣ ಊರುಗಳಿಗೆ ಯಾಕೆ ಬರಬಾರದು? ಕಂಬಿಯ ಕಿಂಡಿಗಿಂತ ಅದು ಎಷ್ಟೋ ಮೇಲು ಅಲ್ವಾ?

ನಮ್ಮ ಪಕ್ಕದ ಮನೆಯವರು ಗ್ಯಾರೇಜಿನಲ್ಲಿ ಬಿಯರ್ ಮಾಡುತ್ತಾರೆ. ಒಂದು ಸಲಕ್ಕೆ 19 ಲೀಟರ್. ಅವರಿಗೆ ಮುರುಗಲು ಬಗ್ಗೆ ಹೇಳಿದೆ. ಫೋಟೋ ತೋರಿಸಿದೆ. ಆ ಕೆಂಪು ನೋಡಿ ಮುಂದಿನ ಚಳಿಗಾಲಕ್ಕೆ ಮಾಡಿಯೇ ಬಿಡೋಣ ಅಂದರು. ಒಂದೇ ತೊಂದರೆ ಅಂದರೆ ಉಪ್ಪು. ಅಂಗಡಿಯಲ್ಲಿ ಸಿಗುವ ಒಣಸಿಪ್ಪೆಗೆ ಸಾಮಾನ್ಯವಾಗಿ ಉಪ್ಪು ಹಾಕಿರುತ್ತಾರೆ.

ಭಾನುವಾರ ಅಮ್ಮನಿಗೆ ಫೋನ್ ಮಾಡಿದೆ. ಈ ಸಲ ಉಪ್ಪು ಹಾಕದೆ ಸ್ವಲ್ಪ ಮುರುಗಲು ಸಿಪ್ಪೆ ಒಣಗಿಸಿಡು ಅಂದೆ. ಯಾಕೋ ಅಂದಳು. ಸಾರಿಗೆ ಅಂತ ಹೇಳಬಹುದಿತ್ತು. ಹೇಳಲಿಲ್ಲ. ಬಿಯರಿಗೆ ಅಂದೆ, ಹೇಗೆ ಮಾಡುತ್ತಾರೆ ಅನ್ನುವುದನ್ನೂ ಹೇಳಿದೆ. ಆಚೆ ಕಡೆ ಸ್ವಲ್ಪ ಹೊತ್ತು ಸದ್ದಿರಲಿಲ್ಲ. ಆಮೇಲೆ ಅಮ್ಮ, ಉಪ್ಪಿಲ್ಲದೆ ಒಣಗಿಸಿದರೆ ಬೂಸ್ಟು ಬರುತ್ತೆ, ಮಳೆ ಹಿಡಿಯೋ ಮೊದಲೇ ಅಟ್ಟಕ್ಕೆ ಹಾಕಬೇಕು, ಎಷ್ಟು ಕೇಜಿ ಬೇಕು ಹೇಳು ಅಂದಳು.