ಠಾಣೆಯಲ್ಲೇ ಬರೆದ ಮಹಜರು

ನಾನೊಮ್ಮೆ ಪಂಚನಾಗಿದ್ದೆ. ಪೊಲೀಸರು ಮಹಜರು ಮಾಡುವಾಗ ಪಕ್ಕದಲ್ಲಿ ನಿಂತು, ‘ಎಲ್ಲ ನಮ್ಮ ಕಣ್ಣೆದುರೇ ನಡೆಯಿತು’ ಅಂತ ಸಹಿ ಹಾಕುವ ಬಡಪಾಯಿಗೆ ಪಂಚ ಅನ್ನುತ್ತಾರೆ. 2001 ಇರಬೇಕು. ಕಳೆದುಹೋದ ಮಾರ್ಕ್ಸ್ ಕಾರ್ಡಿಗೆ ದೂರು ಕೊಡಲು ಠಾಣೆಗೆ ಹೋದವನನ್ನು ಅಲ್ಲಿನ ರೈಟರ್ ಹಿಡಿದು ಕೂರಿಸಿದರು. ‘ಓದಿದವರ ಥರ ಕಾಣ್ತೀರಿ, ಒಂದು ಸಹಿ ಹಾಕಿ ಹೋಗಿ.’ ಯಾರದೋ ತೋಟದ ಪಂಪ್‌ಸೆಟ್ ಮೋಟಾರು ಕಳುವಾಗಿತ್ತು. ಹಾಳೆ ಆಗಲೇ ಎರಡು ಪುಟ ತುಂಬಿತ್ತು: ‘ಪಂಚರಾದ ನಾವು ಸದರಿ ಸ್ಥಳಕ್ಕೆ ಹೋಗಿ ನೋಡಲಾಗಿ...’

‘ಸ್ಥಳಕ್ಕೆ ಯಾವಾಗ ಹೋಗೋದು ಸರ್?’ ಅಂದೆ.

‘ಸ್ಥಳ ಎಲ್ಲಿಗೆ ಹೋಗುತ್ತೆ? ಅಲ್ಲೇ ಇರುತ್ತೆ. ನೀವು ಹಾಕಿ.’

ಹಾಕಿದೆ. ಟೀ ಕೊಡಿಸಿದರು.

ನಾಚಿಕೆಯಾಗಿ ಎರಡು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ. 2003ರ ಫೆಬ್ರವರಿ 5ರಂದು ಆ ನಾಚಿಕೆ ಬಿಟ್ಟುಹೋಯಿತು. ಅವತ್ತು ನ್ಯೂಯಾರ್ಕಿನಲ್ಲಿ, ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ, ಅಮೆರಿಕದ ವಿದೇಶಾಂಗ ಸಚಿವ ಕಾಲಿನ್ ಪವೆಲ್ ಇಡೀ ಜಗತ್ತನ್ನೇ ಬೆಂಚಿನ ಮೇಲೆ ಕೂರಿಸಿ ಇರಾಕಿನ ಮಹಜರು ಓದಿದರು. ಅಲ್ಲಿನ ಅಧ್ಯಕ್ಷ ಸದ್ದಾಂ ಹುಸೇನ್ ವಿಷಾನಿಲ, ರೋಗಾಣುವಿನಂಥ ನಿಷೇಧಿತ ಅಸ್ತ್ರಗಳನ್ನು ಬಚ್ಚಿಟ್ಟಿದ್ದಾನೆ, ಆದ್ದರಿಂದ ಯುದ್ಧಕ್ಕೂ ಸಿದ್ಧರಾಗಿ ಅನ್ನುವುದು ಅದರ ಸಾರ. ಒಂದೂಕಾಲು ಗಂಟೆಯ ಓದು. ನಮಗೆ ಟೀ ಕೂಡ ಇಲ್ಲ.

ಅವರ ಎರಡು ಬೆರಳಿನ ನಡುವೆ ಒಂದು ಪುಟ್ಟ ಸೀಸೆಯಿತ್ತು, ಒಳಗೆ ಬಿಳಿ ಪುಡಿ. ಒಂದು ಚಮಚೆಯಷ್ಟೂ ಇಲ್ಲದ ಆಂಥ್ರಾಕ್ಸ್ ಅನ್ನುವ ಮಾರಕ ರೋಗಾಣುವಿನ ಪುಡಿ ಲಕೋಟೆಯಲ್ಲಿ ಬಂದು 2001ರಲ್ಲಿ ಅಮೆರಿಕದ ಸೆನೆಟ್ಟನ್ನೇ ಮುಚ್ಚಿಸಿತ್ತು ಅಂತ ವಿವರಿಸಿದರು. ಸೀಸೆಯಲ್ಲಿದ್ದದ್ದು ಆಂಥ್ರಾಕ್ಸ್ ಅಲ್ಲ, ತೋರಿಸಲಿಕ್ಕೆ ತಂದ ಯಾವುದೋ ಪುಡಿ. ಅದು ಇರಾಕಿನದೂ ಅಲ್ಲ. ಕಳುವಾದ ಮೋಟಾರು ಸಿಗದಾಗ ಅಂಗಡಿಯಿಂದ ಇನ್ನೊಂದು ಮೋಟಾರು ತಂದು, ‘ಸ್ವಾಮಿ, ಇಂಥದ್ದೇ’ ಅಂತ ಜಡ್ಜ್ ಎದುರು ಇಟ್ಟ ಹಾಗೆ. ಹಿಂದಿನ ಕುರ್ಚಿಯಲ್ಲಿ ಸಿಐಎ ಮುಖ್ಯಸ್ಥ ಜಾರ್ಜ್ ಟೆನೆಟ್ ಜಾಮೀನುದಾರನ ಮುಖ ಮಾಡಿಕೊಂಡು ಕೂತಿದ್ದರು. ಸಭಾಂಗಣದ ಹೊರಗೆ, ರಾಯಭಾರಿಗಳು ಪತ್ರಕರ್ತರ ಜೊತೆ ಮಾತಾಡುವ ಜಾಗದಲ್ಲಿ, ಪಿಕಾಸೊನ ‘ಗೆರ್ನಿಕಾ’ ಚಿತ್ರದ ನೇಯ್ದ ಪ್ರತಿ ತೂಗುತ್ತಿತ್ತು: ಬಾಂಬು ಬಿದ್ದ ಊರು, ಚೀರುವ ತಾಯಿ, ಒದ್ದಾಡುವ ಕುದುರೆ. ಅದಕ್ಕೆ ಆ ದಿನಗಳಲ್ಲಿ ನೀಲಿ ಪರದೆ ಎಳೆದಿದ್ದರು. ಶುಭಕಾರ್ಯದ ಮನೆಯಲ್ಲಿ ಅಪಶಕುನ ಯಾಕೆ ಅಂತ ಇರಬೇಕು.

ಈ ಮಹಜರಿನ ಚಂದ ಏನು ಗೊತ್ತೇ? ಭದ್ರತಾ ಮಂಡಳಿಯ ಖಾಯಂ ಸದಸ್ಯರು ಸರಿಯಾಗಿ ಐವರು, ಅಂದರೆ ಹುಟ್ಟಾ ಪಂಚರು. ಅದರಲ್ಲಿ ಅಮೆರಿಕ ಒಂದು, ಬ್ರಿಟನ್ ಒಂದು. ಫಿರ್ಯಾದಿ ಅವರೇ, ತನಿಖಾಧಿಕಾರಿ ಅವರೇ, ಪಂಚರಲ್ಲಿ ಇಬ್ಬರೂ ಅವರೇ. ಉಳಿದ ಮೂವರಿಗೆ ಸಹಿ ಹಾಕಲು ಮನಸ್ಸಿರಲಿಲ್ಲ. ಫ್ರಾನ್ಸ್ ಅದನ್ನು ಬಾಯಿಬಿಟ್ಟು ಹೇಳಿದ ತಪ್ಪಿಗೆ ಅಮೆರಿಕದ ಸಂಸತ್ತಿನ ಕ್ಯಾಂಟೀನಿನಲ್ಲಿ ‘ಫ್ರೆಂಚ್ ಫ್ರೈಸ್’ ಹೆಸರನ್ನೇ ‘ಫ್ರೀಡಂ ಫ್ರೈಸ್’ ಅಂತ ತಿದ್ದಿದರು. ಪಾಪ, ಆಲೂಗಡ್ಡೆ ಏನು ಮಾಡಿತ್ತು?

ಮಹಜರನ್ನು ಸ್ಥಳಕ್ಕೆ ಹೋಗುವ ಮೊದಲೇ ಬರೆದಿದ್ದರು ಅನ್ನುವುದು ನನ್ನ ಕುಹಕವಲ್ಲ. 2002ರ ಜುಲೈ 23ರಂದು ಲಂಡನ್ನಿನಲ್ಲಿ ಪ್ರಧಾನಿ ಟೋನಿ ಬ್ಲೇರ್ ಮನೆಯಲ್ಲಿ ಸಭೆ ನಡೆಯಿತು. ಬ್ರಿಟನ್ನಿನ ಗುಪ್ತಚರ ಮುಖ್ಯಸ್ಥರು ಆಗಷ್ಟೇ ವಾಷಿಂಗ್ಟನ್ನಿಗೆ ಹೋಗಿ ಬಂದಿದ್ದರು. ಅಲ್ಲಿ ತೀರ್ಮಾನ ಆಗಿಹೋದ ಹಾಗಿದೆ, ಈಗ ಅದಕ್ಕೆ ಹೊಂದುವಂತೆ ಮಾಹಿತಿಯನ್ನೂ ಸಂಗತಿಯನ್ನೂ ಕೂರಿಸುತ್ತಿದ್ದಾರೆ ಅಂತ ಅವರು ವರದಿ ಒಪ್ಪಿಸಿದರು. ಸಭೆಯ ಟಿಪ್ಪಣಿಯಲ್ಲೇ ಇದು ದಾಖಲಾಗಿದೆ; 2005ರಲ್ಲಿ ಪತ್ರಿಕೆಗೆ ಸಿಕ್ಕಿತು. ನಮ್ಮ ಠಾಣೆಯ ರೈಟರ್ ಈ ವಿಷಯದಲ್ಲಿ ಎಷ್ಟೋ ಮೇಲು. ಅವರು ಇಂಥದ್ದಕ್ಕೆಲ್ಲ ಟಿಪ್ಪಣಿ ಇಡುತ್ತಿರಲಿಲ್ಲ.

ಪವೆಲ್ ಓದಿನಲ್ಲಿ ಎಲ್ಲರ ಎದೆ ನಡುಗಿಸಿದ ಭಾಗ ಲಾರಿಗಳದ್ದು. ಇರಾಕಿನಲ್ಲಿ ಲಾರಿಯ ಮೇಲೇ ರೋಗಾಣು ತಯಾರಿಸುವ ಕಾರ್ಖಾನೆಗಳು ಓಡಾಡುತ್ತವಂತೆ. ಪರದೆಯ ಮೇಲೆ ಅದರ ಚಿತ್ರ ಬಂತು. ಫೋಟೋ ಅಲ್ಲ, ಕಲಾವಿದರು ಬರೆದ ಬಣ್ಣದ ಚಿತ್ರ. ಯಾರೋ ಒಬ್ಬ ಹೇಳಿದ್ದನ್ನು ಕೇಳಿ ಬರೆದದ್ದು. ಆ ಒಬ್ಬ 1999ರಲ್ಲಿ ಜರ್ಮನಿಗೆ ಬಂದು ಆಶ್ರಯ ಕೇಳಿದ ಇರಾಕಿ ಎಂಜಿನಿಯರ್. ಗುಪ್ತಚರರು ಇಟ್ಟ ಸಂಕೇತನಾಮ ‘ಕರ್ವ್‌ಬಾಲ್’. ಬೇಸ್‌ಬಾಲ್ ಆಟದಲ್ಲಿ ನೇರ ಬರುತ್ತಿದೆ ಅನ್ನಿಸಿ ಕೊನೆಗಳಿಗೆಯಲ್ಲಿ ಸೊಟ್ಟ ತಿರುಗುವ ಎಸೆತ. ಹೆಸರಿನಲ್ಲೇ ಎಲ್ಲ ಹೇಳಿಬಿಟ್ಟಿದ್ದರಲ್ಲ! ಯುದ್ಧ ಮುಗಿದು ಮರುವರ್ಷದವರೆಗೆ ಸಿಐಎ ಇವನನ್ನು ಎದುರು ಕೂರಿಸಿ ಒಂದು ಪ್ರಶ್ನೆ ಕೇಳಿರಲಿಲ್ಲ. ಅವನು ಜರ್ಮನರಿಗೆ ಹೇಳಿದ, ಜರ್ಮನರು ಅಮೆರಿಕನ್ನರಿಗೆ ಹೇಳಿದರು, ಪವೆಲ್ ನಮಗೆ ಹೇಳಿದರು. ಎತ್ತು ಈಯಿತು ಅಂತ ಅವನಂದ, ಇವರು ಕರುವಿನ ಬಣ್ಣದ ಚಿತ್ರ ಬರೆಸಿ ಕೊಟ್ಟಿಗೆಯಲ್ಲಿ ಕಟ್ಟಿಯೇ ಬಿಟ್ಟರು.

ಬಾಗ್ದಾದಿನ ಹತ್ತಿರ ಜೆರ್ಫ್ ಅಲ್ ನದಾಫ್ ಅಂತ ಒಂದು ಜಾಗ. ಬಿತ್ತನೆ ಬೀಜ ಶುದ್ಧ ಮಾಡುವ ಘಟಕ. ಅಲ್ಲಿನ ಗೋದಾಮಿಗೆ ಲಾರಿಗಳು ಒಂದು ತುದಿಯಿಂದ ಹೊಕ್ಕು ಇನ್ನೊಂದು ತುದಿಯಿಂದ ಹೊರಡುತ್ತವೆ ಅಂತ ಇವನ ಹೇಳಿಕೆ. ಪವೆಲ್ ಭಾಷಣದ ಕೆಲವೇ ದಿನಗಳಲ್ಲಿ ವಿಶ್ವಸಂಸ್ಥೆಯ ತಪಾಸಕರು ಅಲ್ಲಿಗೆ ಹೋದರು. ಲಾರಿ ಬರಬೇಕಾದ ದಾರಿಗೆ ಅಡ್ಡಲಾಗಿ ಗೋಡೆ ನಿಂತಿತ್ತು. ನಿನ್ನೆ ಮೊನ್ನೆ ಕಟ್ಟಿದ್ದಲ್ಲ, ಉಪಗ್ರಹದ ಹಳೆಯ ಚಿತ್ರದಲ್ಲೂ ಇತ್ತು. ಗೋಡೆಯ ಒಳಗಿಂದ ಲಾರಿ ಬರುವುದು ಹೇಗೆ ಅಂತ ನೀವು ನಾನು ಕೇಳುತ್ತೇವೆ. ವಿಶ್ಲೇಷಕರು ಹಾಗೆ ಕೇಳಲಿಲ್ಲ. ನಮ್ಮ ಕಣ್ಣಿಗೆ ಮಣ್ಣೆರಚಲು ನಿಲ್ಲಿಸಿದ ತಾತ್ಕಾಲಿಕ ಗೋಡೆ ಇದು ಅಂತ ಷರಾ ಬರೆದರು. ಗೋಡೆ ಇಲ್ಲದಿದ್ದರೆ ಲಾರಿ ಓಡಾಡುತ್ತದೆ ಅಂತ ಸಾಬೀತು. ಗೋಡೆ ಇದ್ದರೆ ಸದ್ದಾಂ ಬಚ್ಚಿಡುತ್ತಿದ್ದಾನೆ ಅಂತ ಸಾಬೀತು. 2011ರಲ್ಲಿ ಆ ಎಂಜಿನಿಯರ್ ಬ್ರಿಟನ್ನಿನ ಪತ್ರಿಕೆಯೊಂದಕ್ಕೆ, ‘ನಾನು ಹೇಳಿದ್ದು ಸುಳ್ಳು’ ಅಂತ ಒಪ್ಪಿಕೊಂಡ. ಅವನೊಬ್ಬನಾದರೂ ಒಪ್ಪಿಕೊಂಡ.

ಇನ್ನುಳಿದ ದಾಖಲೆಗಳನ್ನು ಬೇಗ ಬೇಗ ತಿರುವಿಬಿಡೋಣ. ನೈಜರ್ ದೇಶದಿಂದ ಸದ್ದಾಂ ಯುರೇನಿಯಂ ಕೊಳ್ಳಲು ಹೊರಟಿದ್ದಾನೆ ಅನ್ನುವ ಪತ್ರ: ಅದರ ಮೇಲಿದ್ದ ಸಹಿ, ಹತ್ತು ವರ್ಷಕ್ಕೂ ಹಿಂದೆಯೇ ಕುರ್ಚಿ ಬಿಟ್ಟಿದ್ದ ಅಲ್ಲಿನ ಮಂತ್ರಿಯದು. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಎಲ್‌ಬರಾದಿ ಮಾರ್ಚ್ 7ರಂದು ಇದು ಅಸಲಿ ಅಲ್ಲ ಅಂದರು. ನಮ್ಮ ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರು ಕೂರುವ ಯಾವ ಪತ್ರಬರಹಗಾರನೂ ಇಷ್ಟು ಹಸಿ ಕೆಲಸ ಮಾಡುವುದಿಲ್ಲ. ಬ್ರಿಟನ್ ಸರ್ಕಾರ ಹೊರತಂದ ಎರಡನೇ ಕಡತ: ಅದರ ದೊಡ್ಡ ಭಾಗವನ್ನು ಒಬ್ಬ ವಿದ್ಯಾರ್ಥಿಯ ಲೇಖನದಿಂದ, ಬರವಣಿಗೆಯ ತಪ್ಪುಗಳೂ ಸೇರಿ, ಎತ್ತಿಕೊಂಡಿದ್ದರು. ಪವೆಲ್ ಅದನ್ನು ಸಭೆಯಲ್ಲೇ ಹೊಗಳಿದರು. ಮೊದಲ ಕಡತ, 2002ರ ಸೆಪ್ಟೆಂಬರಿನದು: ಸದ್ದಾಂ 45 ನಿಮಿಷದಲ್ಲಿ ಅಸ್ತ್ರ ಬಿಡಬಲ್ಲ ಅಂತ ಅದರಲ್ಲಿ ನಾಲ್ಕು ಸಲ ಇತ್ತು. ಇದೆಲ್ಲ ಹೇಗಾಯಿತು ಅಂತ ಹುಡುಕಲು ಕೂತ ಚಿಲ್ಕಾಟ್ ಸಮಿತಿಗೆ 7 ವರ್ಷ ಹಿಡಿಯಿತು. 26 ಲಕ್ಷ ಪದಗಳ ಆ ವರದಿಯಲ್ಲಿ ಒಂದು ಮುತ್ತು ಸಿಗುತ್ತದೆ. ಗುಪ್ತಚರ ಮೂಲವೊಂದು, ವಿಷಾನಿಲವನ್ನು ಗಾಜಿನ ಪಾತ್ರೆಗಳಲ್ಲಿ ತುಂಬಿಟ್ಟಿದ್ದಾರೆ ಅಂತ ಸುದ್ದಿ ತಂದಿತ್ತು. ಹೀಗೆ ಗಾಜಿನಲ್ಲಿ ತುಂಬುವುದು ಒಂದು ಜನಪ್ರಿಯ ಹಾಲಿವುಡ್ ಸಿನಿಮಾದಲ್ಲಿ ಮಾತ್ರ ಅಂತ ಆಮೇಲೆ ಯಾರಿಗೋ ಹೊಳೆಯಿತು.

ಸ್ಥಳಕ್ಕೆ ನಿಜವಾಗಿ ಹೋದವರೂ ಇದ್ದರು. ತೊಂದರೆ ಆದದ್ದೇ ಅವರಿಂದ. ಹ್ಯಾನ್ಸ್ ಬ್ಲಿಕ್ಸ್ ಅಂತ ಸ್ವೀಡನ್ನಿನ ಎಪ್ಪತ್ತು ದಾಟಿದ ಹಿರಿಯರು, ವಿಶ್ವಸಂಸ್ಥೆಯ ಆ ತಪಾಸಕರ ಮುಖ್ಯಸ್ಥರು. ಅವರ ತಂಡ 2002ರ ನವೆಂಬರ್ ಕೊನೆಯಿಂದ 700ಕ್ಕೂ ಹೆಚ್ಚು ತಪಾಸಣೆ ಮಾಡಿತು. ಮಿತಿ ಮೀರಿ ಹಾರುವ ಕ್ಷಿಪಣಿ ಸಿಕ್ಕಿತು, ಅದನ್ನು ಒಡೆಸತೊಡಗಿದರು. ಕೆಲವು ಖಾಲಿ ಸಿಡಿತಲೆ ಸಿಕ್ಕವು. ಹೇಳಿದ ಮಾಲು ಸಿಗಲಿಲ್ಲ. ಕೆಲಸ ಮುಗಿಸಲು ವರ್ಷಗಳು ಬೇಡ, ವಾರಗಳು ಸಾಲವು, ಕೆಲವು ತಿಂಗಳು ಕೊಡಿ ಅಂದರು. ಹನ್ನೊಂದನೇ ದಿನಕ್ಕೆ ಅವರ ತಂಡ ಗಂಟುಮೂಟೆ ಕಟ್ಟಿ ಬಾಗ್ದಾದ್ ಬಿಡಬೇಕಾಯಿತು. ಅಮೆರಿಕದ ರಕ್ಷಣಾ ಸಚಿವ ಡೊನಾಲ್ಡ್ ರಮ್ಸ್‌ಫೆಲ್ಡ್ ಮೊದಲೇ ಸೂತ್ರ ಕೊಟ್ಟಿದ್ದರಲ್ಲ: ಪುರಾವೆ ಇಲ್ಲ ಅನ್ನುವುದು, ವಸ್ತು ಇಲ್ಲ ಅನ್ನುವುದಕ್ಕೆ ಪುರಾವೆಯಲ್ಲ.

ಇದೇ ರಮ್ಸ್‌ಫೆಲ್ಡ್ ಸಾಹೇಬರಿಗೆ ನಾನು ಕಂದಾಯ ಇಲಾಖೆಯ ಪರವಾಗಿ ಸಾಷ್ಟಾಂಗ ಹಾಕಬೇಕು. ಮಾರ್ಚ್ 20ಕ್ಕೆ ಸೈನ್ಯ ನುಗ್ಗಿ ಹತ್ತು ದಿನವಾದರೂ ಅಸ್ತ್ರ ಕಾಣದಾಗ ಟಿವಿಯಲ್ಲಿ ಒಬ್ಬರು ಕೇಳಿದರು, ಎಲ್ಲಿವೆ? ಸಾಹೇಬರು ಅಂದರು: ಎಲ್ಲಿವೆ ಅಂತ ನಮಗೆ ಗೊತ್ತು, ತಿಕ್ರಿತ್ ಮತ್ತು ಬಾಗ್ದಾದಿನ ಸುತ್ತಮುತ್ತ, ಪೂರ್ವಕ್ಕೆ, ಪಶ್ಚಿಮಕ್ಕೆ, ದಕ್ಷಿಣಕ್ಕೆ ಮತ್ತು ಉತ್ತರಕ್ಕೆ ಒಂದಿಷ್ಟು. ಆಹಾ, ಚಕ್ಕುಬಂದಿ! ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಸರ್ಕಾರಿ ಹಳ್ಳ ಅಂತ ನಾವು ಕ್ರಯಪತ್ರದಲ್ಲಿ ಬರೆಸುತ್ತೇವಲ್ಲ, ಅದೇ. ವ್ಯತ್ಯಾಸ ಇಷ್ಟೇ: ನಮ್ಮ ಚಕ್ಕುಬಂದಿಯ ಒಳಗೆ ಮೂರು ಗುಂಟೆಯಾದರೂ ನೆಲ ಇರುತ್ತದೆ. ಇವರದ್ದರಲ್ಲಿ ನಾಲ್ಕು ದಿಕ್ಕು ಮಾತ್ರ ಇತ್ತು, ನಡುವೆ ಸ್ವತ್ತೇ ಇರಲಿಲ್ಲ.

ಸದ್ದಾಂ ಸಾಧು ಅಂತ ನಾನು ಹೇಳುತ್ತಿಲ್ಲ. 1988ರ ಮಾರ್ಚಿನಲ್ಲಿ ಹಲಬ್ಜಾ ಊರಿನ ಮೇಲೆ ವಿಷಾನಿಲ ಸುರಿದು ತನ್ನದೇ ದೇಶದ ಸುಮಾರು 5,000 ಕುರ್ದರನ್ನು ಕೊಂದವನು. ಇರಾನಿನ ಸೈನಿಕರ ಮೇಲೆ ಅದನ್ನು ಎರಚುತ್ತಿದ್ದ ಕಾಲದಲ್ಲೇ, 1983ರ ಡಿಸೆಂಬರಿನಲ್ಲಿ, ಅಮೆರಿಕದ ದೂತರಾಗಿ ಬಾಗ್ದಾದಿಗೆ ಹೋಗಿ ಅವನ ಕೈ ಕುಲುಕಿದವರು ಯಾರು ಅಂದುಕೊಂಡಿರಿ? ಚಕ್ಕುಬಂದಿ ಸಾಹೇಬರೇ. ಆಗ ಮಾಲು ಇತ್ತು, ಮಹಜರು ಇರಲಿಲ್ಲ. 1991ರ ಯುದ್ಧದಲ್ಲಿ ಸೋತ ಮೇಲೆ ದಾಸ್ತಾನು ನಾಶವಾಯಿತು. ಆದರೆ ‘ನನ್ನ ಹತ್ತಿರ ಏನೂ ಇಲ್ಲ’ ಅಂತ ಬಾಯಿತುಂಬ ಹೇಳಿದರೆ ಪಕ್ಕದ ಇರಾನ್ ಹೆದರುವುದಿಲ್ಲವಲ್ಲ? ನಾಯಿ ಸತ್ತು ಹನ್ನೆರಡು ವರ್ಷವಾದರೂ ಗೇಟಿನ ಮೇಲೆ ‘ನಾಯಿ ಇದೆ, ಎಚ್ಚರಿಕೆ’ ಫಲಕ ಹಾಗೇ ಬಿಟ್ಟಿದ್ದ. ಕಳ್ಳರು ಹೆದರಿದರೋ ಇಲ್ಲವೋ, ನಾಯಿ ಹಿಡಿಯುವವರು ಟ್ಯಾಂಕು ತಂದರು.

ಜಪ್ತಿ ಪಟ್ಟಿಗೆ ಬರೋಣ. ಏಪ್ರಿಲ್, ಮೇ ತಿಂಗಳಲ್ಲಿ ಎರಡು ಟ್ರೇಲರ್ ಸಿಕ್ಕವು. ಅಧ್ಯಕ್ಷ ಜಾರ್ಜ್ ಬುಷ್ ಪೋಲೆಂಡಿನ ಟಿವಿಗೆ, ಅಸ್ತ್ರ ಸಿಕ್ಕಿತು ಅಂತಲೇ ಹೇಳಿಬಿಟ್ಟರು. ನೋಡಿದರೆ ಅವು ಬಲೂನಿಗೆ ಜಲಜನಕ ತುಂಬುವ ಗಾಡಿಗಳು. ಫಿರಂಗಿ ಹಾರಿಸುವ ಮುನ್ನ ಗಾಳಿ ಯಾವ ಕಡೆಗೆ ಅಂತ ನೋಡಲು ಬಲೂನು ಬಿಡುತ್ತಾರೆ, ಅದಕ್ಕೆ. ಅಂಥದ್ದೇ ವ್ಯವಸ್ಥೆಯನ್ನು 1987ರಲ್ಲಿ ಇರಾಕಿಗೆ ಮಾರಿದ್ದು ಬ್ರಿಟನ್ನಿನದೇ ಕಂಪನಿ. ಪಂಚರಲ್ಲಿ ಎರಡನೆಯವರ ಮನೆಯ ಮಾಲು! ಆಮೇಲೆ ಸಾವಿರಕ್ಕೂ ಹೆಚ್ಚು ಜನರ ತಂಡ ದೇಶವನ್ನೇ ಜಾಲಾಡಿತು. ಬೆಟ್ಟ ಅಗೆದು ಇಲಿ ಹಿಡಿದರು ಅಂತ ನಾವು ನಗುವುದುಂಟು. ಇಲ್ಲಿ ಇಲಿಯ ಹಿಕ್ಕೆ ಸಿಕ್ಕಿತು, 1991ಕ್ಕಿಂತ ಹಿಂದಿನ ತುಕ್ಕು ಹಿಡಿದ ಶೆಲ್ಲುಗಳು. ತಂಡದ ಮುಖ್ಯಸ್ಥರಾಗಿದ್ದ ಡೇವಿಡ್ ಕೇ 2004ರ ಜನವರಿಯಲ್ಲಿ ಸೆನೆಟ್ ಸಮಿತಿಯ ಮುಂದೆ, ನಮ್ಮಲ್ಲಿ ಹೆಚ್ಚುಕಡಿಮೆ ಎಲ್ಲರೂ ತಪ್ಪಿದ್ದೆವು ಅಂದರು. ಅಷ್ಟರಲ್ಲಿ ಇರಾಕಿನಲ್ಲಿ ಹೆಣ ಬೀಳುವುದು ದಿನಚರಿಯಾಗಿತ್ತು. ಲೆಕ್ಕಕ್ಕೆ ಸಿಕ್ಕ ನಾಗರಿಕರ ಸಾವೇ ಮುಂದಿನ ವರ್ಷಗಳಲ್ಲಿ ಒಂದು ಲಕ್ಷ ದಾಟಿತು.

ನಮ್ಮ ದೆಹಲಿ ಸುಮ್ಮನಿರಲಿಲ್ಲ. 2003ರ ಏಪ್ರಿಲ್‌ನಲ್ಲಿ ಬಾಗ್ದಾದ್ ಬೀಳುವ ಹೊತ್ತಿಗೆ ಲೋಕಸಭೆ ನಿರ್ಣಯ ಮಾಡಿತು. ಹಿಂದಿಯಲ್ಲಿ ‘ನಿಂದಾ’ ಅಂತ ಪದ. ಅದನ್ನು ಇಂಗ್ಲಿಷಿಗೆ ತರುವಾಗ ಖಂಡನೆ ಅನ್ನುವುದೋ, ವಿಷಾದ ಅನ್ನುವುದೋ ಅಂತ ಜಗಳ. ಕೊನೆಗೆ ಮೆತ್ತಗಿನದ್ದೇ ಗೆದ್ದಿತು. ಆದರೂ ಸೈನ್ಯ ಕಳಿಸಿ ಅಂತ ಅಮೆರಿಕ ಕೇಳಿದ್ದಕ್ಕೆ ಜುಲೈನಲ್ಲಿ ವಾಜಪೇಯಿ ಸರ್ಕಾರ ಆಗುವುದಿಲ್ಲ ಅಂದಿತು. ಅಷ್ಟರ ಮಟ್ಟಿಗೆ ನನಗಿಂತ ವಾಸಿ, ಸಹಿ ಹಾಕಲಿಲ್ಲ.

2004ರ ಮಾರ್ಚಿನಲ್ಲಿ ವಾಷಿಂಗ್ಟನ್ನಿನ ಪತ್ರಕರ್ತರ ಔತಣದಲ್ಲಿ ಬುಷ್ ಸಾಹೇಬರು ಸ್ಲೈಡ್ ತೋರಿಸಿದರು. ತಮ್ಮ ಕಚೇರಿಯಲ್ಲಿ ಬಗ್ಗಿ ಪೀಠೋಪಕರಣದ ಕೆಳಗೆ ನೋಡುತ್ತಿರುವ ಫೋಟೋ. ‘ಆ ಅಸ್ತ್ರಗಳು ಎಲ್ಲೋ ಇರಲೇಬೇಕು’ ಅಂದರು, ‘ಊಹೂಂ, ಅಲ್ಲಿಲ್ಲ... ಇಲ್ಲಿರಬಹುದಾ?’ ಪತ್ರಕರ್ತರು ನಕ್ಕರು. ಅದೇ ಡಿಸೆಂಬರಿನಲ್ಲಿ, ಪವೆಲ್ ಹಿಂದೆ ಜಾಮೀನುದಾರನಂತೆ ಕೂತಿದ್ದ ಟೆನೆಟ್ ಅವರ ಕೊರಳಿಗೆ ದೇಶದ ಅತ್ಯುನ್ನತ ನಾಗರಿಕ ಪದಕ ಬಿತ್ತು.

ನನ್ನ ಪದಕ ಸಿಕ್ಕಿದ್ದು ಕೋರ್ಟಿನಲ್ಲಿ. ನಾಲ್ಕು ವರ್ಷಕ್ಕೆ ಸಮನ್ಸ್ ಬಂತು. ಕಟಕಟೆಯಲ್ಲಿ ಹತ್ತೊಂಬತ್ತು ದಿನ ಸಬ್‌ಜೈಲಿನಲ್ಲಿದ್ದು ಬಂದ ಹುಡುಗ. ಹಿಂದೊಮ್ಮೆ ತೆಂಗಿನಕಾಯಿ ಕದ್ದಿದ್ದ ಅನ್ನುವುದು ಬಿಟ್ಟರೆ ಅವನ ಮೇಲೆ ಬೇರೇನೂ ಇರಲಿಲ್ಲ. ಅವನ ವಕೀಲರು ಮೆಲ್ಲಗೆ ಕೇಳಿದರು, ‘ತೋಟದ ಉತ್ತರಕ್ಕೆ ಏನಿದೆ?’ ಮಹಜರು ನೆನಪಿತ್ತು. ‘ರಸ್ತೆ’ ಅಂದೆ. ‘ಹಳ್ಳ ಅಲ್ಲವೋ?’ ಅಂದರು. ಇಡೀ ಕೋರ್ಟು ನಕ್ಕಿತು. ಕೇಸು ಬಿದ್ದುಹೋಯಿತು.

ಆಮೇಲೆ ಎಷ್ಟೋ ವರ್ಷಕ್ಕೆ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ರೈಟರ್ ಸಿಕ್ಕರು. ಬಡ್ತಿ ಪಡೆದು ನಿವೃತ್ತರಾಗಿದ್ದರು. ಬೋಂಡ ತಿನ್ನುತ್ತಿದ್ದರು.

‘ಆ ಮೋಟಾರು ಕೊನೆಗೂ ಸಿಕ್ತಾ ಸರ್?’

ಅವರು ಬೋಂಡ ಮುರಿದು ಚಟ್ನಿಗೆ ಅದ್ದಿದರು. ‘ಸಿಗಲಿಲ್ಲ ಅಂದ ಮಾತ್ರಕ್ಕೆ ಅವನ ಹತ್ರ ಇರಲಿಲ್ಲ ಅಂತ ಹೇಗೆ ಹೇಳ್ತೀರಿ?’

ಬಿಲ್ಲು ನಾನೇ ಕೊಟ್ಟೆ.