ಕೂದಲೆಳೆಯಷ್ಟು ಗೆರೆ: 1962ರ ಕಾರ್ಡೊಂದು ಕಲಿಸಿದ ತಾಳ್ಮೆ

ಕಳೆದ ಚಳಿಗಾಲದಲ್ಲಿ, ನಾನಿರುವ ನ್ಯೂಜೆರ್ಸಿಯ ಊರಿನ ಹತ್ತಿರ ನಡೆದ ಹಳೆಯ ಕಾರ್ಡುಗಳ ಸಂತೆಯಿಂದ ಆಟಗಾರರ ಚಿತ್ರವಿರುವ 1962ರ ಟಾಪ್ಸ್ ಕಂಪನಿಯ ಬೇಸ್‌ಬಾಲ್ ಕಾರ್ಡುಗಳಿದ್ದ ಒಂದು ಶೂ ಡಬ್ಬಿಯನ್ನು ಕೊಂಡು ತಂದೆ. ಒಳಗಿದ್ದವೆಲ್ಲ ಮೂಲೆ ಸವೆದ, ಯಾರೂ ಕೇಳದ ಆಟಗಾರರ ಕಾರ್ಡುಗಳು. ಇಂಥವನ್ನು ಸಂಗ್ರಾಹಕರು ‘ಕಾಮನ್’ ಎನ್ನುತ್ತಾರೆ. ಅವುಗಳ ನಡುವೆ ಒಬ್ಬನೇ ಪಿಚರ್‌ನ (ಚೆಂಡೆಸೆಯುವ ಆಟಗಾರನ) ಎರಡು ಕಾರ್ಡುಗಳಿದ್ದವು. ಆತನ ಹೆಸರು ಇಲ್ಲಿನವರಿಗೇ ಮರೆತುಹೋಗಿದೆ, ಆದ್ದರಿಂದ ಬರೆಯುತ್ತಿಲ್ಲ. ಎರಡರಲ್ಲಿ ಒಂದರ ಮೇಲೆ, ಆತನ ಮೊಣಕೈಯಿಂದ ಹೊರಟು ಎಡ ಅಂಚಿನವರೆಗೆ, ಕೂದಲೆಳೆಯಷ್ಟು ತೆಳುವಾದ, ತುಸು ಬಾಗಿದ ಒಂದು ಮಸುಕು ಗೆರೆ ಇತ್ತು.

ಗೀರು ಬಿದ್ದಿರಬೇಕೆಂದು ಬದಿಗಿಟ್ಟೆ. ರಾತ್ರಿ ಮನಸ್ಸು ತಡೆಯದೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಹಿಡಿದು ನೋಡಿದೆ. ಗೀರಾಗಿದ್ದರೆ ಕಾಗದದ ಮೇಲ್ಪದರ ಕಿತ್ತು ಬಿಳಿ ನಾರು ಕಾಣಿಸಬೇಕಿತ್ತು. ಇಲ್ಲಿ ಕಾಗದ ನುಣುಪಾಗಿಯೇ ಇತ್ತು. ಹಳದಿ, ಕೆಂಪು, ನೀಲಿ ಚುಕ್ಕೆಗಳು ಆ ಗೆರೆಯ ಮೇಲೂ ಸಾಲು ತಪ್ಪದೆ ಹಾದುಹೋಗಿದ್ದವು. ಕಪ್ಪು ಚುಕ್ಕೆಗಳು ಮಾತ್ರ ಗೆರೆಯುದ್ದಕ್ಕೂ ಇರಲಿಲ್ಲ.

ನಮ್ಮ ತಂದೆಗೆ ಗದಗಿನಲ್ಲಿ ಸಣ್ಣದೊಂದು ಆಫ್‌ಸೆಟ್ ಮುದ್ರಣಾಲಯವಿತ್ತು. ಬಣ್ಣದ ಕ್ಯಾಲೆಂಡರು ಅಚ್ಚಾಗುವಾಗ ಹಳದಿ, ಕೆಂಪು, ನೀಲಿ, ಕಪ್ಪು ಎಂದು ನಾಲ್ಕು ಪ್ಲೇಟುಗಳು ಬೇಕು, ಪ್ರತಿ ಬಣ್ಣಕ್ಕೂ ಬೇರೆ ನೆಗೆಟಿವ್ ಬೇಕು ಎಂಬುದನ್ನು ನಾನು ಅಲ್ಲಿಯೇ ಕಣ್ಣಾರೆ ಕಂಡದ್ದು. ನೆಗೆಟಿವನ್ನು ಪ್ಲೇಟಿನ ಮೇಲಿಟ್ಟು ಬೆಳಕು ಹಾಯಿಸುವಾಗ ನಡುವೆ ಒಂದು ಕೂದಲೋ ಕಾಗದದ ಚೂರೋ ಸಿಕ್ಕಿಕೊಂಡರೆ, ಅಷ್ಟು ಜಾಗಕ್ಕೆ ಬೆಳಕು ಬೀಳುವುದಿಲ್ಲ. ಬೆಳಕು ಬೀಳದ ಜಾಗ ಶಾಯಿ ಹಿಡಿಯುವುದಿಲ್ಲ. ಆ ಬಣ್ಣವೊಂದೇ ಅಲ್ಲಿ ಮಾಯವಾಗಿ, ಉಳಿದ ಮೂರು ಬಣ್ಣಗಳು ಎಂದಿನಂತೆ ಅಚ್ಚಾಗುತ್ತವೆ. ಕಪ್ಪು ಮಾತ್ರ ಇಲ್ಲದಿರುವುದನ್ನು ಕಂಡ ಕೂಡಲೇ ಇದು ಕಾರ್ಡಿನ ಮೇಲಾದ ಗಾಯವಲ್ಲ, ಪ್ಲೇಟಿನಲ್ಲೇ ಇದ್ದ ದೋಷ ಎಂದು ನನಗೆ ಅನ್ನಿಸಿತು. ಹಾಗಿದ್ದರೆ ಅದೇ ಪ್ಲೇಟಿನಿಂದ ಅಚ್ಚಾದ ಬೇರೆ ಪ್ರತಿಗಳಲ್ಲೂ ಅದೇ ಜಾಗದಲ್ಲಿ ಅದೇ ಗೆರೆ ಇರಲೇಬೇಕು. ನನಗೆ ಸಿಕ್ಕ ಯಾವ ಪಟ್ಟಿಯಲ್ಲೂ ಅದರ ಉಲ್ಲೇಖವಿರಲಿಲ್ಲ.

ಈ ಸೆಟ್ಟಿನ, ಅಂದರೆ ಆ ವರ್ಷ ಬಂದ ಕಾರ್ಡುಗಳ ಪೂರ್ತಿ ಗುಚ್ಛದ ಬಗ್ಗೆ ಸ್ವಲ್ಪ ಹೇಳಬೇಕು. ಟಾಪ್ಸ್ ಎಂಬುದು ಆಗ ಬ್ರೂಕ್ಲಿನ್‌ನಲ್ಲಿದ್ದ ಚೂಯಿಂಗ್ ಗಮ್ ಕಂಪನಿ. ಗಮ್ ಜೊತೆಗೆ ಮಕ್ಕಳಿಗೆ ಸಿಗುತ್ತಿದ್ದ ಚಿತ್ರಗಳೇ ಈ ಕಾರ್ಡುಗಳು. 1962ರ ಸೆಟ್ಟಿನಲ್ಲಿ 598 ಕಾರ್ಡುಗಳಿವೆ, ಸುತ್ತಲೂ ಮರದ ಹಲಗೆಯಂಥ ಕಂದು ಅಂಚು. 110ರಿಂದ 196ರವರೆಗಿನ ಸಂಖ್ಯೆಯ ಕಾರ್ಡುಗಳಿದ್ದ ಎರಡನೆಯ ಸರಣಿಯು ಎರಡು ಸಲ ಅಚ್ಚಾಯಿತು, ಮತ್ತು ಅವುಗಳಲ್ಲೊಂದು ಮುದ್ರಣದ ಬಣ್ಣ ಹಸಿರಿಗೆ ತಿರುಗಿತು. ಅಕ್ಕಪಕ್ಕ ಇಟ್ಟರೆ ಸಾಮಾನ್ಯ ಪ್ರತಿಯ ನೀಲಿ ಆಕಾಶ ಹಸಿರು ಪ್ರತಿಯಲ್ಲಿ ಪಾಚಿಗಟ್ಟಿದ ನೀರಿನಂತೆ ಕಾಣುತ್ತದೆ. ಕೆಲವು ಕಾರ್ಡುಗಳ ಫೋಟೋ ಕೂಡ ಬದಲಾಗಿದೆ: ಕಾರ್ಲ್ ವಿಲ್ಲಿ ಒಂದರಲ್ಲಿ ಟೋಪಿ ಹಾಕಿದ್ದಾನೆ, ಇನ್ನೊಂದರಲ್ಲಿ ಬರಿದಲೆ, ಲೀ ವಾಲ್ಸ್ ಒಂದರಲ್ಲಿ ಎಡಕ್ಕೆ ನೋಡಿದರೆ ಇನ್ನೊಂದರಲ್ಲಿ ಬಲಕ್ಕೆ. 139ನೆಯ ಸಂಖ್ಯೆಯಂತೂ ಬೇಬ್ ರೂತ್‌ಗೂ ಇದೆ, ಹಾಲ್ ರೆನಿಫ್‌ಗೂ ಇದೆ. ನನ್ನ ಪಿಚರ್‌ನ ಎರಡೂ ಪ್ರತಿಗಳು ಹಸಿರು ಮುದ್ರಣದವೇ. ಅಂದರೆ ಇದು ಎರಡು ಮುದ್ರಣಗಳ ನಡುವಿನ ವ್ಯತ್ಯಾಸವಲ್ಲ, ಒಂದೇ ಮುದ್ರಣದ ಒಳಗಿನ ವ್ಯತ್ಯಾಸ.

ಇಂಥ ದೋಷಕ್ಕೆ ದೊಡ್ಡ ಹಿರಿಯಣ್ಣನೊಬ್ಬನಿದ್ದಾನೆ. 1958ರ ಟಾಪ್ಸ್ ಸೆಟ್ಟಿನ 433ನೆಯ ಕಾರ್ಡು ಪಾಂಚೊ ಹೆರೆರಾನದು. ಅದರ ಕೆಲವೇ ಪ್ರತಿಗಳಲ್ಲಿ ಹೆಸರಿನ ಕೊನೆಯ ಅಕ್ಷರವಿಲ್ಲದೆ ಅದು ‘ಹೆರೆರ್’ ಆಗಿ ನಿಂತಿದೆ. ಅಕ್ಷರ ಜೋಡಿಸಿದವರು ಮರೆತದ್ದಲ್ಲ, ಮುದ್ರಣದ ಹಾದಿಯಲ್ಲಿ ಅದು ಮಾಸಿಹೋದದ್ದು. 1990ರ ಟಾಪ್ಸ್ ಸೆಟ್ಟಿನ ಫ್ರ್ಯಾಂಕ್ ಥಾಮಸ್ ಕಾರ್ಡಿನ ಕೆಲವು ಪ್ರತಿಗಳಲ್ಲಿ ಹೆಸರೇ ಇಲ್ಲ. ಹಲವು ಕಾರ್ಡುಗಳನ್ನು ಒಂದೇ ದೊಡ್ಡ ಶೀಟಿನಲ್ಲಿ ಅಚ್ಚು ಹಾಕಿ ಆಮೇಲೆ ಕತ್ತರಿಸುತ್ತಾರೆ. ಶೀಟಿನಲ್ಲಿ ಅದರ ಆಸುಪಾಸಿನಲ್ಲಿದ್ದ ಕಾರ್ಡುಗಳಲ್ಲೂ ಕಪ್ಪು ಗೆರೆಗಳು ಅಲ್ಲಲ್ಲಿ ಕಡಿದುಹೋಗಿರುವುದನ್ನು ಸಂಗ್ರಾಹಕರು ತಡವಾಗಿ ಗಮನಿಸಿದರು. ಥಾಮಸ್ ಕಾರ್ಡನ್ನು ಸಾವಿರಾರು ಜನ ನೋಡಿದರು, ಪಕ್ಕದ ಕಾರ್ಡನ್ನು ಯಾರೂ ನೋಡಿರಲಿಲ್ಲ.

ದುಬಾರಿ ಕಾರ್ಡಾದರೆ ಎಲ್ಲರೂ ಸರಿಯಾಗಿ ನೋಡುತ್ತಾರೆಂದೂ ಹೇಳಲಾಗದು. 1952ರ ಟಾಪ್ಸ್ ಸೆಟ್ಟಿನ 311ನೆಯ ಕಾರ್ಡು, ಮಿಕಿ ಮ್ಯಾಂಟಲ್‌ನದು. ಅದರ ಒಂದು ಪ್ರತಿ 2022ರಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಮಾರಾಟವಾಯಿತು. ಆ ಕಾರ್ಡಿಗೂ ಎರಡು ರೂಪಗಳಿವೆ. ಹಿಂಬದಿಯಲ್ಲಿ ಸಂಖ್ಯೆಯನ್ನು ಸುತ್ತುವರಿದ ಚೆಂಡಿನ ಹೊಲಿಗೆ ಒಂದರಲ್ಲಿ ಎಡಕ್ಕೆ ಮುಖ ಮಾಡಿದೆ, ಇನ್ನೊಂದರಲ್ಲಿ ಬಲಕ್ಕೆ. ಕಾರಣ ಸರಳ ಲೆಕ್ಕ. 311ರಿಂದ 407ರವರೆಗಿನ ಕೊನೆಯ ಸರಣಿಯಲ್ಲಿ 97 ಕಾರ್ಡುಗಳು. ಶೀಟಿನಲ್ಲಿ ನೂರು ಮನೆಗಳು. ಉಳಿದ ಮೂರು ಮನೆಗಳನ್ನು ತುಂಬಲು ಮ್ಯಾಂಟಲ್, ಜಾಕಿ ರಾಬಿನ್ಸನ್, ಬಾಬಿ ಥಾಮ್ಸನ್ ಮೂವರನ್ನೂ ಎರಡೆರಡು ಸಲ ಕೂರಿಸಿದರು. ಎರಡನೆಯ ಸಲ ಕೂರಿಸಿದ್ದು ಮೊದಲನೆಯದರ ಪಡಿಯಚ್ಚಾಗಿರಲಿಲ್ಲ. ನನಗೆ ಈ ಲೆಕ್ಕ ತುಂಬಾ ಇಷ್ಟ, ಏಕೆಂದರೆ ಇದರಲ್ಲಿ ಊಹೆಗೆ ಎಡೆಯಿಲ್ಲ.

ಈಗ ನನ್ನ ಅಭಿಪ್ರಾಯಕ್ಕೆ ಬರುತ್ತೇನೆ. ಇವೆಲ್ಲವನ್ನೂ ಸಂಗ್ರಾಹಕರಾದ ನಮ್ಮವರು ‘ವೇರಿಯೇಷನ್’ (ವ್ಯತ್ಯಾಸ) ಎಂಬ ಒಂದೇ ಪದದಲ್ಲಿ ಕಟ್ಟಿಹಾಕುವುದು ತಪ್ಪು. 1909ರಿಂದ 1911ರವರೆಗೆ ಸಿಗರೇಟು ಪೊಟ್ಟಣಗಳಲ್ಲಿ ಬಂದ ಟಿ206 ಸೆಟ್ಟಿನಲ್ಲಿ ಷೆರಿ ಮಗೀಯ ಹೆಸರಿನ ಕಾಗುಣಿತ ತಪ್ಪಿತ್ತು, ಅದನ್ನು ತಿದ್ದಿ ಮತ್ತೆ ಅಚ್ಚು ಹಾಕಿದರು. 1974ರಲ್ಲಿ ಸ್ಯಾನ್ ಡಿಯೇಗೊ ತಂಡ ವಾಷಿಂಗ್ಟನ್‌ಗೆ ಹೋಗುವುದು ಖಚಿತವೆಂದು ನಂಬಿ ಟಾಪ್ಸ್‌ನವರು ಆ ತಂಡದ ಆಟಗಾರರ ಕಾರ್ಡುಗಳಲ್ಲಿ ವಾಷಿಂಗ್ಟನ್ ಎಂದೇ ಅಚ್ಚು ಹಾಕಿದರು. ರೇ ಕ್ರಾಕ್ ಎಂಬ ಉದ್ಯಮಿ ತಂಡವನ್ನು ಕೊಂಡು ಸ್ಯಾನ್ ಡಿಯೇಗೊದಲ್ಲಿಯೇ ಉಳಿಸಿಕೊಂಡ ಮೇಲೆ ಬದಲಾಯಿಸಿದರು. ಇಲ್ಲಿ ಒಬ್ಬ ಮನುಷ್ಯ ಯೋಚಿಸಿ, ಒಂದನ್ನು ತೆಗೆದು ಇನ್ನೊಂದನ್ನು ಇಟ್ಟಿದ್ದಾನೆ. ಇವು ನಿಜವಾದ ಪಾಠಾಂತರಗಳು. ಹಳಗನ್ನಡದ ಓಲೆಪ್ರತಿಗಳನ್ನು ಹೋಲಿಸಿ ನೋಡುವ ವಿದ್ವಾಂಸರಿಗೆ ಈ ಪದದ ತೂಕ ಗೊತ್ತು. ನನ್ನ ಕೂದಲೆಳೆಯ ಗೆರೆಯನ್ನು ಯಾರೂ ಯೋಚಿಸಿ ಇಟ್ಟಿಲ್ಲ. ಅದು ಲಿಪಿಕಾರನ ಕೈ ತಪ್ಪಿದ್ದೂ ಅಲ್ಲ, ಓಲೆಗೆ ಬಿದ್ದ ಹುಳದ ತೂತಿನ ಹಾಗೆ. ಹೆರೆರಾ ಕಾರ್ಡು ಕೂಡ ನನ್ನ ದೃಷ್ಟಿಯಲ್ಲಿ ಇದೇ ಜಾತಿಯದು. ಅದು ಪ್ರಸಿದ್ಧವಾಗಿದೆ, ಬೆಲೆ ಬಂದಿದೆ ಎಂಬ ಕಾರಣಕ್ಕೆ ಜಾತಿ ಬದಲಾಗುವುದಿಲ್ಲ. ಎರಡನ್ನೂ ದಾಖಲಿಸೋಣ, ಆದರೆ ಬೇರೆ ಬೇರೆ ಹೆಸರಿನಲ್ಲಿ ದಾಖಲಿಸೋಣ. ಇಂಥ ಗೆರೆಗಳಿಲ್ಲದೆ ಸೆಟ್ಟು ಪೂರ್ತಿಯಾಗುವುದಿಲ್ಲ ಎಂದು ಹೊಸದಾಗಿ ಸಂಗ್ರಹಕ್ಕಿಳಿದವರನ್ನು ಹೆದರಿಸುವುದು ಬೇಡ.

ಹೆಸರಿನ ಜಗಳ ಇಷ್ಟೊಂದು ಏಕೆ ಎಂದು ಕೇಳಬಹುದು. ಆರು ವರ್ಷಗಳ ಹಿಂದೆ ಒಬ್ಬ ವ್ಯಾಪಾರಿಯಿಂದ ‘ಕೆಂಪು ಬಣ್ಣವಿಲ್ಲದ ಅಪರೂಪದ ಪ್ರತಿ’ ಎಂಬ ಮಾತು ನಂಬಿ ಒಂದು ಕಾರ್ಡು ಕೊಂಡಿದ್ದೆ. ಅದು ವರ್ಷಗಟ್ಟಲೆ ಕಿಟಕಿಯ ಬಿಸಿಲಿನಲ್ಲಿದ್ದು ಬಣ್ಣ ಕಳೆದುಕೊಂಡಿತ್ತು. ಮಸೂರದಡಿ ಕೆಂಪು ಚುಕ್ಕೆಗಳ ಮಸುಕು ಕುರುಹು ಇನ್ನೂ ಕಾಣುತ್ತಿತ್ತು. ‘ವೇರಿಯೇಷನ್’ ಎಂಬ ಪದಕ್ಕೆ ಸಾಕ್ಷಿ ಕೇಳುವವರಿಲ್ಲದಿದ್ದರೆ ಬಿಸಿಲು ಕೂಡ ಅಪರೂಪದ ಕಾರ್ಡುಗಳನ್ನು ತಯಾರಿಸುತ್ತದೆ.

ಆದ್ದರಿಂದ ನನ್ನ ಗೆರೆಗೂ ಸಾಕ್ಷಿ ಹುಡುಕಿದೆ. ಎರಡು ತಿಂಗಳಲ್ಲಿ ಅದೇ ಜಾಗದಲ್ಲಿ ಅದೇ ಬಾಗು ಇರುವ ಇನ್ನೂ ಎರಡು ಪ್ರತಿಗಳು ಸಿಕ್ಕವು, ಎರಡೂ ಹಸಿರು ಮುದ್ರಣದವು. ಗೆರೆ ಎಡ ಅಂಚಿನಲ್ಲಿ ಕಡಿದುಹೋಗುವುದರಿಂದ, ಶೀಟಿನಲ್ಲಿ ಎಡಕ್ಕಿದ್ದ ಕಾರ್ಡಿನ ಬಲ ಅಂಚಿನಲ್ಲಿ ಅದು ಮುಂದುವರಿಯಬೇಕು. ಎಡಕ್ಕಿದ್ದವರು ಯಾರೆಂದು ತಿಳಿದದ್ದು, ಅಡ್ಡಾದಿಡ್ಡಿ ಕತ್ತರಿಸಿದ್ದರಿಂದ ಪಕ್ಕದ ಆಟಗಾರನ ಭುಜವೂ ಸೇರಿಕೊಂಡಿದ್ದ ಒಂದು ಹಾಳು ಪ್ರತಿಯಿಂದ. ಅಂಥ ಪ್ರತಿಗಳನ್ನು ಜನ ಕಸಕ್ಕೆ ಹಾಕುತ್ತಾರೆ. ದಯವಿಟ್ಟು ಹಾಕಬೇಡಿ, ಶೀಟಿನ ನಕ್ಷೆ ಇರುವುದೇ ಅವುಗಳಲ್ಲಿ.

ಇದನ್ನು ತಿಳಿದ ಸ್ನೇಹಿತರೊಬ್ಬರು, ಸದ್ಯಕ್ಕೆ ಬಾಯಿ ಬಿಡಬೇಡಿ, ಸಿಕ್ಕಷ್ಟು ಪ್ರತಿಗಳನ್ನು ಕಡಿಮೆ ಬೆಲೆಗೆ ಕೊಂಡು ಆಮೇಲೆ ಹೇಳಿ ಎಂದು ಸಲಹೆ ಕೊಟ್ಟರು. ಅವರ ಕಾಳಜಿ ಅರ್ಥವಾಗುತ್ತದೆ, ಆದರೆ ನಾನು ಒಪ್ಪಲಿಲ್ಲ. ನಾವು ಇಂದಿಗೂ ಬಳಸುವ ‘ಟಿ206’ ಎಂಬಂಥ ಗುರುತುಗಳನ್ನು ಕೊಟ್ಟು ಹಳೆಯ ಕಾರ್ಡುಗಳ ಪಟ್ಟಿ ಮಾಡಿದವರು ಸಂಗ್ರಾಹಕ ಜೆಫರ್ಸನ್ ಬರ್ಡಿಕ್. ಅವರು ದೊಡ್ಡ ಶ್ರೀಮಂತರಲ್ಲ. ಸಂಧಿವಾತದಿಂದ ನರಳುತ್ತಲೇ ತಮ್ಮ ಕಾರ್ಡುಗಳನ್ನೆಲ್ಲ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿಗೆ ದಾನವಾಗಿ ಕೊಟ್ಟು, ಅಲ್ಲಿಯೇ ಕುಳಿತು ಆಲ್ಬಮ್‌ಗಳಿಗೆ ಅಂಟಿಸಿ, 1963ರಲ್ಲಿ ತೀರಿಕೊಂಡರು. ಅವರ ಪಟ್ಟಿಯ ಮೇಲೆ ನಿಂತು ಹುಡುಕುವ ನಾನು, ಸಿಕ್ಕಿದ್ದನ್ನು ಬಚ್ಚಿಡುವುದು ಹೇಗೆ? ನಾಲ್ಕು ಸಂಗ್ರಾಹಕರಿಗೆ ಸ್ಕ್ಯಾನ್‌ಗಳನ್ನು ಕಳಿಸಿದೆ, ಕಾರ್ಡಿನ ಸಂಖ್ಯೆ ಸಮೇತ.

ಅವರಲ್ಲೊಬ್ಬರ ಹತ್ತಿರ ಎಡಗಡೆಯ ಕಾರ್ಡು ಸಿಕ್ಕಿತು. ಎರಡನ್ನೂ ಅಂಚಿಗೆ ಅಂಚು ಸೇರಿಸಿ ಇಟ್ಟಾಗ ಗೆರೆ ಒಂದರಿಂದ ಇನ್ನೊಂದಕ್ಕೆ ಎಲ್ಲೂ ಜಾರದೆ ಹರಿದು, ಮರದ ಅಂಚನ್ನು ದಾಟಿ, ಕೆಳಗೆ ಬಾಗಿ, ತಳದ ಅಂಚಿನಲ್ಲಿ ಮತ್ತೆ ಕಡಿದುಹೋಗಿದೆ. ಅಂದರೆ ಕೂದಲಿನ ತುದಿ ಶೀಟಿನ ಕೆಳಗಿನ ಸಾಲಿನಲ್ಲಿದ್ದ ಇನ್ನೊಂದು ಕಾರ್ಡಿನ ತಲೆಯ ಮೇಲಿರಬೇಕು. ಆ ಕಾರ್ಡು ಯಾರದೆಂದು ಗೊತ್ತಾಗಿದೆ. ಅದರ ಹನ್ನೊಂದು ಹಸಿರು ಪ್ರತಿಗಳನ್ನು ಈವರೆಗೆ ನೋಡಿದ್ದೇನೆ, ಗೆರೆಯಿರುವುದು ಇನ್ನೂ ಕೈಗೆ ಬಂದಿಲ್ಲ.