ಅದು ಡ್ರೋನೇ ಹೌದಾ, ಮೊದಲು ನೋಡಿ

ಪುಣೆ ಜಿಲ್ಲೆಯ ಶಿರೂರು, ದೌಂಡ್ ಕಡೆಯ ಹಳ್ಳಿಗಳಲ್ಲಿ ‘ರಾತ್ರಿ ಎರಡು ಗಂಟೆ ಕಾಲ ಒಂದೇ ಕಡೆ ನಿಂತ ಡ್ರೋನ್’ ಕಂಡಿತು, ಕಳ್ಳರೇ ಹಾರಿಸುತ್ತಿರಬೇಕು ಎಂದು ಕೆಲವರು ಬರೆದಿದ್ದಾರೆ. ಅನುಮಾನ ಶುರುವಾಗುವುದೇ ಅಲ್ಲಿ. ಕ್ಯಾಮೆರಾ ಡ್ರೋನಿನ ಬ್ಯಾಟರಿ ಒಂದು ಚಾರ್ಜಿಗೆ 20ರಿಂದ 40 ನಿಮಿಷ ಬರುತ್ತದೆ. ಔಷಧಿ ಹೊಡೆಯುವ 10 ಲೀಟರಿನದು ಟ್ಯಾಂಕ್ ತುಂಬಿದ್ದರೆ ಹತ್ತು-ಹದಿನೈದು ನಿಮಿಷ ಹಾರಿದರೆ ಹೆಚ್ಚು. ಎರಡು ಗಂಟೆ ಮಿನುಗಿದ್ದು ಬಹುಶಃ ಗ್ರಹವೋ ನಕ್ಷತ್ರವೋ ಇರಬೇಕು.

ಕಂಬದ ಅಂಚಿಗೆ ಬೆಳಕನ್ನು ಹೊಂದಿಸಿಕೊಂಡು ಅಲುಗಾಡದೆ ನಿಂತು ನೋಡಿ. ಕತ್ತಲಲ್ಲಿ ಒಂಟಿ ಚುಕ್ಕಿಯನ್ನೇ ದಿಟ್ಟಿಸಿದರೆ ನಿಂತದ್ದೂ ಓಡಾಡಿದಂತೆ ಕಾಣುತ್ತದೆ. ಗಂಟೆಗೆ ಸುಮಾರು 15 ಡಿಗ್ರಿ, ಅಂದರೆ ಚಾಚಿದ ಕೈಯ ಒಂದೂವರೆ ಮುಷ್ಟಿಯಷ್ಟು ಪಶ್ಚಿಮಕ್ಕೆ ಸರಿದರೆ ಅದು ಆಕಾಶಕಾಯ. ಪುಣೆಯ ಲೋಹಗಾಂವ್ ವಿಮಾನ ನಿಲ್ದಾಣಕ್ಕೆ ಇಳಿಯುವ ವಿಮಾನ ನಿಮ್ಮತ್ತಲೇ ಬರುತ್ತಿದ್ದರೆ ಕೆಲ ನಿಮಿಷ ನಿಂತಲ್ಲೇ ನಿಂತಂತೆ ತೋರುತ್ತದೆ. ಪಕ್ಕಕ್ಕೆ ತಿರುಗಿದಾಗ ಎಡರೆಕ್ಕೆಯ ಕೆಂಪು ಅಥವಾ ಬಲರೆಕ್ಕೆಯ ಹಸಿರು ದೀಪ ಕಂಡೀತು. ಮುಸ್ಸಂಜೆ ಸಾಲಾಗಿ ಸಾಗುವ ದೀಪಗಳು ಬಹುಶಃ ಸ್ಟಾರ್‌ಲಿಂಕ್ ಎಂಬ ಇಂಟರ್ನೆಟ್ ಉಪಗ್ರಹಗಳು.

ವಿಡಿಯೊ ತೆಗೆಯುವಾಗ ಜೂಮ್ ಬೇಡ. ಫೋಕಸ್ ತಪ್ಪಿ ಚುಕ್ಕಿ ದುಂಡಗೆ ಉಬ್ಬುತ್ತದೆ (ವಾಟ್ಸಾಪಿನ ಹಾರುವ ತಟ್ಟೆಗಳು ಹುಟ್ಟುವುದು ಹೀಗೇ). ಮರವೋ ಛಾವಣಿಯೋ ಚಿತ್ರದಲ್ಲಿ ಬರಲಿ.

ನಿಜಕ್ಕೂ ಗುಂಯ್ ಅನ್ನುವ ಡ್ರೋನಾದರೆ ಸಮಯ, ದಿಕ್ಕು, ಇಳಿದ ಜಾಗ ಗುರುತಿಟ್ಟು 112ಕ್ಕೆ ಹೇಳಿ. ಕಲ್ಲು, ಕವಣೆ ಬೇಡ. ಒಡೆದ ಲಿಥಿಯಂ ಬ್ಯಾಟರಿ ಕಬ್ಬಿನ ರವದಿ ಮೇಲೆ ಬಿದ್ದರೆ ಹೊಲವೇ ಹೊತ್ತಿಕೊಳ್ಳಬಹುದು. ಇನ್ನು ಹಾರಿಸುವವರೆಲ್ಲ ಕಳ್ಳರೂ ಅಲ್ಲ: 2021ರ ಡ್ರೋನ್ ನಿಯಮಗಳ ಪ್ರಕಾರ ಹಸಿರು ವಲಯದಲ್ಲಿ (ನಿರ್ಬಂಧವಿಲ್ಲದ ವಾಯುಪ್ರದೇಶ) 400 ಅಡಿವರೆಗೆ ಮುಂಗಡ ಅನುಮತಿ ಬೇಕಿಲ್ಲ, ನೋಂದಣಿ ಇರಬೇಕು.